ಮುಚ್ಚಿದ ಸೇತುವೆಯ ಸುದ್ದಿ ನಕ್ಷೆಗೆ ಮುಟ್ಟುವುದು ಹೇಗೆ?

ಒಂದು ಸೇತುವೆ ಇದೆ ಎಂದುಕೊಳ್ಳಿ. ನೆರೆ ಬಂದು ಅದರ ಕಂಬವೊಂದು ವಾಲಿದೆ. ಎರಡೂ ಕಡೆ ಅಡ್ಡಗಟ್ಟೆ ಹಾಕಿ ಸಂಚಾರ ನಿಲ್ಲಿಸಿದ್ದಾರೆ. ಸುತ್ತಮುತ್ತಲಿನವರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದಿರುವುದು ಮೊಬೈಲಿನ ನಕ್ಷೆಗೆ ಮಾತ್ರ. ಅದು ಈಗಲೂ ಅದೇ ದಾರಿಯನ್ನು ತೋರಿಸುತ್ತಿದೆ. ದೂರದಿಂದ ಬರುವವರನ್ನು ಕತ್ತಲಲ್ಲಿ ಆ ಅಡ್ಡಗಟ್ಟೆಯವರೆಗೆ ಕರೆತಂದು ನಿಲ್ಲಿಸುತ್ತಿದೆ. ಆಂಬುಲೆನ್ಸ್ ಓಡಿಸುವವರು ನೋಡುವುದೂ ಅದೇ ನಕ್ಷೆಯನ್ನು.

ಅಡ್ಡಗಟ್ಟೆಯ ಮುಂದೆ ನಿಂತ ಇಬ್ಬರು ನಕ್ಷೆಯ ಸೇವೆ ನಡೆಸುವವರಿಗೆ ಬರೆಯುತ್ತಾರೆ. ಒಬ್ಬರ ಬರಹ ಇಷ್ಟೇ: "ನಿಮ್ಮ ನಕ್ಷೆ ತಪ್ಪು. ಸರಿಪಡಿಸಿ." ಇನ್ನೊಬ್ಬರು ನಕ್ಷೆಯಲ್ಲಿ ಆ ಜಾಗದಲ್ಲೇ ಪಿನ್ ಎಂಬ ಗುರುತು ನೆಟ್ಟು, "ಈ ಸೇತುವೆಯನ್ನು ಇವತ್ತು ಬೆಳಿಗ್ಗೆಯಿಂದ ವಾಹನಗಳಿಗೆ ಮುಚ್ಚಿದ್ದಾರೆ, ನಡೆದು ಹೋಗಲು ಬಿಡುತ್ತಿದ್ದಾರೆ, ಫಲಕದ ಫೋಟೊ ಜೊತೆಗಿದೆ" ಎಂದು ಬರೆಯುತ್ತಾರೆ. ಇಬ್ಬರಿಗೂ ಆದ ತೊಂದರೆ ಒಂದೇ, ಇಬ್ಬರ ಸಿಟ್ಟೂ ನ್ಯಾಯವಾದದ್ದೇ. ಆದರೆ ನಕ್ಷೆಯನ್ನು ಬದಲಿಸುವ ಶಕ್ತಿ ಇರುವುದು ಎರಡನೆಯ ಬರಹಕ್ಕೆ. ಏಕೆ ಎಂದು ತಿಳಿಯಬೇಕಾದರೆ ಆ ಬರಹ ಕಳುಹಿಸಿದ ಮೇಲೆ ಏನೇನು ನಡೆಯುತ್ತದೆ ಎಂಬುದನ್ನು ಹಿಂಬಾಲಿಸಬೇಕು.

ಹಂಚಿಕೊಳ್ಳುವ ನಕ್ಷೆ ಎಂದರೇನು?

ಕಾಗದದ ನಕ್ಷೆ ಮುದ್ರಣವಾದ ದಿನವೇ ಮುಗಿದ ಕೆಲಸ. ಅಂತರ್ಜಾಲದ ನಕ್ಷೆ ಹಾಗಲ್ಲ. ಅದು ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆಗಳ ಕಟ್ಟು. ಎಲ್ಲಕ್ಕಿಂತ ಕೆಳಗಿನ ಹಾಳೆಯಲ್ಲಿ ನೆಲ, ನೀರು, ರಸ್ತೆ, ಕಟ್ಟಡಗಳಿರುತ್ತವೆ. ಇದನ್ನು ತಳನಕ್ಷೆ ಎನ್ನೋಣ. ಅದರ ಮೇಲಿನ ಹಾಳೆಗಳಲ್ಲಿ ಬೇರೆ ಬೇರೆ ಮಾಹಿತಿ ಇರುತ್ತದೆ: ಬಸ್ ನಿಲ್ದಾಣಗಳು, ಚಾರಣದ ದಾರಿಗಳು, ವಾಹನ ದಟ್ಟಣೆ. ಇಂತಹ ಒಂದೊಂದು ಹಾಳೆಗೂ ಪದರ ಎಂದು ಹೆಸರು.

ನಕ್ಷೆ ಹಂಚಿಕೆಯ ಸೇವೆ ಮಾಡುವುದಿಷ್ಟು. ತಳನಕ್ಷೆಯನ್ನು ತಾನು ಒದಗಿಸುತ್ತದೆ, ಅದರ ಮೇಲೆ ನಿಮ್ಮದೇ ಪದರವನ್ನು ಬಿಡಿಸಲು ಅವಕಾಶ ಕೊಡುತ್ತದೆ, ಬಿಡಿಸಿದ್ದನ್ನು ಇತರರಿಗೆ ಕಳುಹಿಸಲು ಒಂದು ಲಿಂಕ್ ಕೊಡುತ್ತದೆ. ನೆರೆಯ ಸಮಯದಲ್ಲಿ ಆಶ್ರಯ ಕೇಂದ್ರಗಳನ್ನು ಗುರುತಿಸುವವರು, ಪಕ್ಷಿ ವೀಕ್ಷಕರು, ಪ್ರವಾಸದ ದಾರಿ ಯೋಜಿಸುವವರು, ಪಾಠಕ್ಕಾಗಿ ನಕ್ಷೆ ತಯಾರಿಸುವ ಶಿಕ್ಷಕರು ಇದನ್ನೇ ಬಳಸುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತಳನಕ್ಷೆ ಎಷ್ಟೋ ಸಲ ಆ ಸೇವೆಯ ಸ್ವಂತ ಆಸ್ತಿಯಾಗಿರುವುದಿಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯನ್ನು ನೂರಾರು ಸೇವೆಗಳು ತಳನಕ್ಷೆಯಾಗಿ ಬಳಸುತ್ತವೆ. ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದಾದ ನಕ್ಷೆ ಅದು. ನೋಂದಾಯಿಸಿಕೊಂಡವರ ಸಂಖ್ಯೆ ಒಂದು ಕೋಟಿ ದಾಟಿದೆ. ಹೀಗಾಗಿ ನಿಮ್ಮ ಪರದೆಯ ಮೇಲೆ ಕಾಣುವ ಒಂದೇ ನಕ್ಷೆಗೆ ಹಲವು ಒಡೆಯರಿರುತ್ತಾರೆ. ರಸ್ತೆ ಒಬ್ಬರದು, ಉಪಗ್ರಹ ಚಿತ್ರ ಇನ್ನೊಬ್ಬರದು, ಒತ್ತುವ ಗುಂಡಿಗಳು ಮತ್ತು ಬಣ್ಣ ಮೂರನೆಯವರದು, ಪಿನ್‌ಗಳು ನಿಮ್ಮ ಗೆಳೆಯರದು. ಸೇತುವೆಯ ದೂರು ಇವರಲ್ಲಿ ಯಾರ ಬಾಗಿಲು ತಟ್ಟಬೇಕು ಎಂಬುದೇ ಮೊದಲ ತೊಡಕು.

ಆಕಾಶದಿಂದ ಕಾಣದ್ದು

ಉಪಗ್ರಹಗಳಿರುವಾಗ ಬಳಕೆದಾರರನ್ನು ಕೇಳುವ ಅಗತ್ಯವೇನು ಎಂಬ ಪ್ರಶ್ನೆ ಸಹಜ. ಉಪಗ್ರಹಕ್ಕೆ ಸೇತುವೆ ಕಾಣುತ್ತದೆ, ಅಡ್ಡಗಟ್ಟೆ ಕಾಣುವುದು ಕಷ್ಟ. ಚಾವಣಿ ಕಾಣುತ್ತದೆ, ಅದರ ಕೆಳಗಿರುವುದು ಶಾಲೆಯೋ ಗೋದಾಮೋ ತಿಳಿಯುವುದಿಲ್ಲ. ರಸ್ತೆ ಏಕಮುಖವೇ, ಗೇಟು ರಾತ್ರಿ ಮುಚ್ಚುತ್ತದೆಯೇ, ಗಾಲಿಕುರ್ಚಿ ಹತ್ತುವಂತಹ ಇಳಿಜಾರು ಬಾಗಿಲಲ್ಲಿದೆಯೇ, ಊರಿನವರು ಆ ಜಾಗವನ್ನು ಯಾವ ಹೆಸರಿನಿಂದ ಕರೆಯುತ್ತಾರೆ - ಇವೆಲ್ಲ ನೆಲದ ಮೇಲೆ ನಿಂತವರಿಗೆ ಮಾತ್ರ ಗೊತ್ತಾಗುವ ಸಂಗತಿಗಳು. ಅದೂ ಅಲ್ಲದೆ ನಾವು ನೋಡುವ ಉಪಗ್ರಹ ಚಿತ್ರ ನಿನ್ನೆಯದಾಗಿರಬೇಕೆಂದೇನೂ ಇಲ್ಲ. ತಿಂಗಳುಗಳಷ್ಟು, ಕೆಲವೊಮ್ಮೆ ವರ್ಷಗಳಷ್ಟು ಹಳೆಯದಾಗಿರಬಹುದು.

ಹೋಗಿ ನೋಡಿ ಬಂದು ಹೇಳುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಯಾಂಡಿ ದ್ವೀಪಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂ ಕ್ಯಾಲಿಡೋನಿಯಾ ನಡುವಿನ ಕೋರಲ್ ಸಮುದ್ರದಲ್ಲಿ ಅಂತಹ ಹೆಸರಿನ ದ್ವೀಪವೊಂದು ಒಂದು ಶತಮಾನಕ್ಕೂ ಹೆಚ್ಚು ಕಾಲ ನಕ್ಷೆಗಳಲ್ಲಿತ್ತು. ಕಾಗದದ ನಕ್ಷೆಯಿಂದ ಕಂಪ್ಯೂಟರಿಗೆ, ಅಲ್ಲಿಂದ ಅಂತರ್ಜಾಲದ ನಕ್ಷೆಗಳಿಗೆ ಅದು ದಾಟಿಕೊಂಡು ಬಂತು. 2012ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಸಂಶೋಧನಾ ಹಡಗೊಂದು ಅದೇ ಜಾಗಕ್ಕೆ ಹೋದಾಗ ದ್ವೀಪವೇ ಇರಲಿಲ್ಲ. ಕೆಳಗಿದ್ದದ್ದು ಸಾವಿರ ಮೀಟರಿಗೂ ಹೆಚ್ಚು ಆಳದ ನೀರು. ಒಂದು ನಕ್ಷೆಯನ್ನು ನೋಡಿ ಇನ್ನೊಂದನ್ನು ಬರೆಯುತ್ತಾ ಹೋದರೆ ತಪ್ಪೂ ವಂಶಪಾರಂಪರ್ಯವಾಗಿ ಇಳಿದು ಬರುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಹೈಟಿಯದು. 2010ರ ಜನವರಿ 12ರಂದು ಅಲ್ಲಿ ಭೂಕಂಪವಾದಾಗ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನ ವಿವರವಾದ ಡಿಜಿಟಲ್ ನಕ್ಷೆ ಇರಲಿಲ್ಲ. ಜಗತ್ತಿನ ಹಲವೆಡೆ ಕುಳಿತ ನೂರಾರು ಸ್ವಯಂಸೇವಕರು ಹೊಸ ಉಪಗ್ರಹ ಚಿತ್ರಗಳನ್ನು ನೋಡಿ ರಸ್ತೆ, ಕುಸಿದ ಕಟ್ಟಡ, ನಿರಾಶ್ರಿತರ ಶಿಬಿರಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಿಡಿಸಿದರು. ಕೆಲವೇ ದಿನಗಳಲ್ಲಿ ನಕ್ಷೆ ತುಂಬಿತು. ಪರಿಹಾರ ತಂಡಗಳು ಅದನ್ನೇ ಹಿಡಿದು ನಡೆದವು. ದೂರದಲ್ಲಿ ಕುಳಿತವರು ಗೆರೆ ಎಳೆಯಬಲ್ಲರು. ಆ ಗೆರೆಗೆ ಹೆಸರು, ಸ್ಥಿತಿ, ಅರ್ಥ ಕೊಡುವವರು ಅಲ್ಲಿಯೇ ಇರುವವರು. ಎರಡೂ ಸೇರಿದರೆ ಮಾತ್ರ ನಕ್ಷೆ.

ಬರೆಯದೆಯೇ ಕೊಡುವ ಪ್ರತಿಕ್ರಿಯೆ

ಪ್ರತಿಕ್ರಿಯೆ ಎಂದರೆ ದೂರು ಬರೆಯುವುದು ಮಾತ್ರವಲ್ಲ. ನೀವು ಏನೂ ಬರೆಯದಿದ್ದರೂ ನಿಮ್ಮ ಓಡಾಟ ಮಾತಾಡುತ್ತಿರುತ್ತದೆ. ಇಷ್ಟು ದಿನ ಸೇತುವೆಯ ಮೇಲೆ ಹಾದುಹೋಗುತ್ತಿದ್ದ ಮೊಬೈಲ್‌ಗಳೆಲ್ಲ ಇದ್ದಕ್ಕಿದ್ದಂತೆ ಅದರ ಹತ್ತಿರ ಬಂದು ಹಿಂದಿರುಗುತ್ತಿವೆ ಎಂದರೆ ಅಲ್ಲಿ ಏನೋ ಆಗಿದೆ ಎಂದು ಸೇವೆಯ ಕಂಪ್ಯೂಟರ್ ಊಹಿಸಬಲ್ಲದು. ವಾಹನ ದಟ್ಟಣೆಯ ಕೆಂಪು ಗೆರೆ ಮೂಡುವುದೂ ಹೀಗೆಯೇ: ರಸ್ತೆಯಲ್ಲಿರುವ ಮೊಬೈಲ್‌ಗಳು ಎಷ್ಟು ವೇಗದಲ್ಲಿ ಚಲಿಸುತ್ತಿವೆ ಎಂಬ ಲೆಕ್ಕದಿಂದ. ಒಂದು ಹೆಸರನ್ನು ಹುಡುಕಿದವರೆಲ್ಲ ಮೊದಲ ಫಲಿತಾಂಶವನ್ನು ಬಿಟ್ಟು ಮೂರನೆಯದನ್ನು ಒತ್ತುತ್ತಿದ್ದರೆ, ಹುಡುಕಾಟದ ಕ್ರಮ ಸರಿಯಿಲ್ಲ ಎಂದು ಅವರೆಲ್ಲ ಒಟ್ಟಾಗಿ ಹೇಳಿದಂತೆ.

ಈ ಮೂಕ ಸಾಕ್ಷ್ಯ ಬೇಗ ಸಿಗುತ್ತದೆ, ಹೇರಳವಾಗಿಯೂ ಸಿಗುತ್ತದೆ. ಆದರೆ ಅದು ಏನಾಯಿತು ಎಂದು ಹೇಳುತ್ತದೆಯೇ ಹೊರತು ಏಕೆ ಎಂದು ಹೇಳುವುದಿಲ್ಲ. ಸೇತುವೆ ಕುಸಿಯಿತೋ, ಅಪಘಾತವಾಯಿತೋ, ಮೆರವಣಿಗೆ ಹೊರಟಿತೋ ಎಂಬುದು ಅದಕ್ಕೆ ತಿಳಿಯದು. ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ 99 ಮೊಬೈಲ್‌ಗಳನ್ನು ಒಂದು ಸಣ್ಣ ಕೈಗಾಡಿಯಲ್ಲಿ ತುಂಬಿ, ಖಾಲಿ ಬೀದಿಯಲ್ಲಿ ನಿಧಾನವಾಗಿ ಎಳೆದುಕೊಂಡು ಹೋದ ಪ್ರಯೋಗವನ್ನು 2020ರಲ್ಲಿ ಪ್ರಕಟಿಸಿದರು. ಗೂಗಲ್ ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು. 99 ವಾಹನಗಳು ತೆವಳುತ್ತಿವೆ ಎಂದು ನಕ್ಷೆ ನಂಬಿತ್ತು. ಆದ್ದರಿಂದ ಮನುಷ್ಯರು ಬರೆದು ತಿಳಿಸುವ ಮಾತಿಗೆ ಇವತ್ತಿಗೂ ಬದಲಿಯಿಲ್ಲ.

ತಪ್ಪು ಇರುವುದು ಎಲ್ಲಿ?

ಈಗ ಸೇತುವೆಯ ಬರಹ ಸೇವೆಯವರ ಕೈ ಸೇರಿದೆ. ಆಸ್ಪತ್ರೆಗೆ ಬಂದ ರೋಗಿಯನ್ನು ಮೊದಲು ಯಾವ ವಿಭಾಗಕ್ಕೆ ಕಳುಹಿಸಬೇಕು ಎಂದು ನೋಡುವಂತೆ, ಇಲ್ಲಿಯೂ ಮೊದಲ ಕೆಲಸ ವಿಂಗಡಣೆ. "ನಕ್ಷೆ ತಪ್ಪು" ಎಂಬ ಎರಡು ಪದಗಳ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕಾಯಿಲೆಗಳು ಅಡಗಿರುತ್ತವೆ.

ಮೊದಲನೆಯದು ಮಾಹಿತಿಯ ತಪ್ಪು. ನೆಲದ ಮೇಲೆ ಇರುವುದಕ್ಕೂ ದಾಖಲೆಯಲ್ಲಿ ಇರುವುದಕ್ಕೂ ಹೊಂದಾಣಿಕೆ ಇಲ್ಲ. ನಮ್ಮ ಸೇತುವೆಯದು ಇದೇ ಜಾತಿ.

ಎರಡನೆಯದು ಚಿತ್ರಣದ ತಪ್ಪು. ಮಾಹಿತಿ ಸರಿಯಾಗಿಯೇ ಇದೆ, ತೋರಿಸುವ ರೀತಿ ಸರಿಯಿಲ್ಲ. ಕಾಲುದಾರಿ ದಾಖಲೆಯಲ್ಲಿದೆ, ಆದರೆ ತೀರಾ ಹತ್ತಿರ ಜೂಮ್ ಮಾಡುವವರೆಗೆ ಕಾಣುವುದಿಲ್ಲ. ಅಥವಾ ದಾರಿಯನ್ನು ಕೆಂಪು ಮತ್ತು ಹಸಿರಿನಲ್ಲಿ ಮಾತ್ರ ಬೇರ್ಪಡಿಸಿದ್ದಾರೆ. ಬಣ್ಣಗುರುಡು ಇರುವವರಿಗೆ ಎರಡೂ ಒಂದೇ. ಇದು ಸಣ್ಣ ಸಂಖ್ಯೆಯಲ್ಲ. ಜಗತ್ತಿನ ಕೆಲವು ಭಾಗಗಳಲ್ಲಿ ಗಂಡಸರಲ್ಲಿ 12ಕ್ಕೆ ಒಬ್ಬರಷ್ಟು ಮಂದಿಗೆ ಈ ತೊಂದರೆ ಇದೆ. ನಕ್ಷೆ ವಿನ್ಯಾಸ ಮಾಡಿದವರಿಗೆ ಅದು ಇಲ್ಲದಿದ್ದರೆ, ಬಳಕೆದಾರರು ಬಂದು ಹೇಳುವವರೆಗೆ ಅವರಿಗೆ ಹೊಳೆಯುವುದೂ ಇಲ್ಲ.

ಮೂರನೆಯದು ಹುಡುಕಾಟದ ತಪ್ಪು. ಇದಕ್ಕೆ ಆಸ್ಟ್ರೇಲಿಯಾದ ಮಿಲ್ಡುರಾ ಪಟ್ಟಣದ ಕತೆಯನ್ನು ಹೇಳಲೇಬೇಕು. ಆಪಲ್ ಕಂಪನಿ 2012ರ ಸೆಪ್ಟೆಂಬರ್‌ನಲ್ಲಿ ತನ್ನದೇ ನಕ್ಷೆಯನ್ನು ಬಿಡುಗಡೆ ಮಾಡಿತು. ಅದರಲ್ಲಿ ಎಷ್ಟು ತಪ್ಪುಗಳಿದ್ದವೆಂದರೆ ಅದೇ ತಿಂಗಳ 28ರಂದು ಮುಖ್ಯಸ್ಥ ಟಿಮ್ ಕುಕ್ ಬಹಿರಂಗವಾಗಿ ಕ್ಷಮೆ ಕೇಳಿದರು. ತಮ್ಮದು ಸುಧಾರಿಸುವವರೆಗೆ ಬೇರೆಯವರ ನಕ್ಷೆಗಳನ್ನು ಬಳಸಬಹುದು ಎಂದೂ ಸೂಚಿಸಿದರು. ಡಿಸೆಂಬರ್‌ನಲ್ಲಿ ವಿಕ್ಟೋರಿಯಾ ರಾಜ್ಯದ ಪೊಲೀಸರು ಎಚ್ಚರಿಕೆ ಹೊರಡಿಸಿದರು. ಮಿಲ್ಡುರಾಕ್ಕೆ ಹೊರಟವರನ್ನು ಆ ನಕ್ಷೆ ಸುಮಾರು 70 ಕಿಲೋಮೀಟರ್ ಆಚೆ, ನೀರಿನ ಆಸರೆಯಿಲ್ಲದ ರಾಷ್ಟ್ರೀಯ ಉದ್ಯಾನವೊಂದರ ನಡುವೆ ಕರೆದೊಯ್ಯುತ್ತಿತ್ತು. ಬೇಸಿಗೆಯ ಬಿಸಿಲು 46 ಡಿಗ್ರಿ ಮುಟ್ಟಬಹುದಾದ ಜಾಗದಲ್ಲಿ ಕೆಲವರು 24 ಗಂಟೆಯವರೆಗೆ ಸಿಕ್ಕಿಹಾಕಿಕೊಂಡಿದ್ದರು. ಬೇರು ಎಲ್ಲಿತ್ತು? ಸರ್ಕಾರಿ ಸ್ಥಳನಾಮಗಳ ಪಟ್ಟಿಯಲ್ಲಿ ಮಿಲ್ಡುರಾ ಎರಡು ಸಲ ಇತ್ತು: ಒಂದು ಪಟ್ಟಣ, ಇನ್ನೊಂದು ಅದೇ ಹೆಸರಿನ ವಿಶಾಲ ಆಡಳಿತ ಪ್ರದೇಶ. ಆ ಪ್ರದೇಶವನ್ನು ಗುರುತಿಸುವ ಬಿಂದು ನಿರ್ಜನ ಜಾಗದಲ್ಲಿ ಬಿದ್ದಿತ್ತು. ರಸ್ತೆಯ ದಾಖಲೆ ಸರಿ, ಪಟ್ಟಣದ ದಾಖಲೆಯೂ ಸರಿ; ಹೆಸರು ಹುಡುಕಿದಾಗ ಎರಡರಲ್ಲಿ ತಪ್ಪಾದುದನ್ನು ಆರಿಸಿಕೊಂಡಿತು, ಅಷ್ಟೇ. ಪೊಲೀಸರ ಎಚ್ಚರಿಕೆಯ ನಂತರ ಬೇಗನೆ ಸರಿಪಡಿಸಿದರು. ಇಂತಹ ತಪ್ಪಿಗೆ ರಸ್ತೆ ತಿದ್ದುವವರ ಬಳಿ ದೂರು ಒಯ್ದರೆ ಅವರಿಗೆ ತಿದ್ದಲು ಏನೂ ಸಿಗುವುದಿಲ್ಲ.

ನಾಲ್ಕನೆಯದು ಜಾಗ ತಿಳಿಸುವ ಅಂಕಿಗಳ ಗೊಂದಲ. ಭೂಮಿಯ ಮೇಲಿನ ಪ್ರತಿ ಜಾಗಕ್ಕೂ ಎರಡು ಅಂಕಿಗಳ ವಿಳಾಸವಿದೆ, ಅಕ್ಷಾಂಶ ಮತ್ತು ರೇಖಾಂಶ. ಕೆಲವು ತಂತ್ರಾಂಶಗಳು ಅಕ್ಷಾಂಶವನ್ನು ಮೊದಲು ಬರೆದರೆ ಕೆಲವು ರೇಖಾಂಶವನ್ನು ಮೊದಲು ಬರೆಯುತ್ತವೆ. ನಕ್ಷೆಯ ಮಾಹಿತಿ ಸಾಗಿಸಲು ಹೆಚ್ಚು ಬಳಕೆಯಲ್ಲಿರುವ ಜಿಯೋಜೇಸನ್ ಎಂಬ ಕಡತ ಮಾದರಿಯಲ್ಲಿ ರೇಖಾಂಶವೇ ಮೊದಲು. ನೀವು ಸೇರಿಸಿದ ಪಿನ್‌ಗಳೆಲ್ಲ ಯಾವುದೋ ಖಂಡದಲ್ಲೋ ಸಮುದ್ರದಲ್ಲೋ ಬಿದ್ದಿದ್ದರೆ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು. ಅಕ್ಷಾಂಶ ಎಂದೂ 90 ದಾಟುವುದಿಲ್ಲ. ದಾಟಿದ ಅಂಕಿ ರೇಖಾಂಶವೇ. ಎರಡೂ ಅಂಕಿ ಕಾಣೆಯಾಗಿ ಸೊನ್ನೆ ಎಂದು ದಾಖಲಾದರೆ ಪಿನ್ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ ಬೀಳುತ್ತದೆ. ಎಷ್ಟು ದಾಖಲೆಗಳು ಅಲ್ಲಿಗೆ ಬಂದು ಬಿದ್ದಿವೆಯೆಂದರೆ ನಕ್ಷೆಯ ಕೆಲಸದವರು ಇಲ್ಲದ ಆ ದ್ವೀಪಕ್ಕೆ ನಲ್ ಐಲೆಂಡ್ ಎಂದು ಹೆಸರಿಟ್ಟಿದ್ದಾರೆ.

ಉಳಿದದ್ದು ಉಪಕರಣದ ತಪ್ಪು: ಗುಂಡಿ ಕೆಲಸ ಮಾಡುವುದಿಲ್ಲ, ಲಿಂಕ್ ತೆರೆಯುವುದಿಲ್ಲ, ಹಳೆಯ ಮೊಬೈಲಿನಲ್ಲಿ ನಕ್ಷೆ ತುಂಬಿಕೊಳ್ಳುವುದೇ ಇಲ್ಲ. ಕೆಲವೊಮ್ಮೆ ನಕ್ಷೆಯ ತಪ್ಪೇ ಇರುವುದಿಲ್ಲ. ತೆರೆದ ಆಕಾಶದ ಕೆಳಗೆ ಮೊಬೈಲಿನ ಜಿಪಿಎಸ್ ಸಾಮಾನ್ಯವಾಗಿ ಐದು ಮೀಟರ್ ಆಸುಪಾಸಿನಲ್ಲಿ ಜಾಗ ಗುರುತಿಸುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತಗಳು ಗೋಡೆಗೆ ಬಡಿದು ಬರುವುದರಿಂದ ಆ ತಪ್ಪು ಹಲವು ಪಟ್ಟು ಹಿಗ್ಗುತ್ತದೆ. ನೀವಿರುವ ಜಾಗ ತೋರಿಸುವ ನೀಲಿ ಚುಕ್ಕೆ ಪಕ್ಕದ ಬೀದಿಯಲ್ಲಿ ಕಂಡರೆ ಬೀದಿ ಸರಿದಿದೆ ಎಂದು ಅರ್ಥವಲ್ಲ.

ಈ ವಿಂಗಡಣೆಯನ್ನು ದೂರು ಬರುವ ಕ್ಷಣದಲ್ಲೇ ಮಾಡಿಸಿಕೊಳ್ಳುವುದು ಸೇವೆಯನ್ನು ಸುಧಾರಿಸುವ ಮೊದಲ ಹೆಜ್ಜೆ. ಖಾಲಿ ಪೆಟ್ಟಿಗೆಯೊಂದನ್ನು ತೋರಿಸಿ "ನಿಮ್ಮ ಅಭಿಪ್ರಾಯ ಬರೆಯಿರಿ" ಎನ್ನುವುದಕ್ಕಿಂತ, ನಕ್ಷೆಯ ಮೇಲೆಯೇ ಬೆರಳಿಟ್ಟು "ಇಲ್ಲಿ ರಸ್ತೆ ತಪ್ಪಾಗಿದೆಯೇ, ಹೆಸರು ತಪ್ಪಾಗಿದೆಯೇ, ನಕ್ಷೆ ತೆರೆಯುತ್ತಿಲ್ಲವೇ" ಎಂದು ಕೇಳುವುದು ಎಷ್ಟೋ ಮೇಲು. ಆಗ ಜಾಗ, ಜೂಮ್ ಮಟ್ಟ, ಮೊಬೈಲಿನ ಮಾದರಿ ಎಲ್ಲವೂ ತಾನಾಗಿ ಜೊತೆಗೆ ಸಾಗುತ್ತವೆ. ಬರೆಯುವವರ ಶ್ರಮವೂ ಉಳಿಯುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ 2013ರಲ್ಲಿ ಇಂತಹದೇ ಟಿಪ್ಪಣಿ ಸೌಲಭ್ಯವನ್ನು ತಂದಿತು. ನಕ್ಷೆ ತಿದ್ದಲು ಬಾರದವರು ಒಂದು ಗುರುತು ನೆಟ್ಟು ವಿಷಯ ಬರೆದುಬಿಟ್ಟರೆ ಸಾಕು, ತಿದ್ದಲು ಬಲ್ಲ ಇನ್ನೊಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಇದನ್ನೇ ತಿರುಗಿಸಿ ಮಾಡುತ್ತದೆ: ನೀವು ನಡೆಯುತ್ತಿರುವ ಬೀದಿಯ ಬಗ್ಗೆ ನಕ್ಷೆಯೇ ನಿಮ್ಮನ್ನು ಪ್ರಶ್ನೆ ಕೇಳುತ್ತದೆ. ಈ ದಾರಿಗೆ ದೀಪವಿದೆಯೇ? ಈ ನಿಲ್ದಾಣದಲ್ಲಿ ಕೂರಲು ಆಸನವಿದೆಯೇ? ಉತ್ತರಿಸಲು ಒಂದು ಒತ್ತು ಸಾಕು.

ಹೇಳಿದ್ದನ್ನೆಲ್ಲ ನಂಬಬಹುದೇ?

ಸೇತುವೆ ಮುಚ್ಚಿದೆ ಎಂದು ಒಬ್ಬರು ಹೇಳಿದ ಮಾತ್ರಕ್ಕೆ ಸಾವಿರಾರು ವಾಹನಗಳ ದಾರಿ ಬದಲಿಸಬಹುದೇ? ಆ ಒಬ್ಬರು ತಪ್ಪು ತಿಳಿದಿರಬಹುದು, ತಮ್ಮ ಮನೆ ಮುಂದಿನ ವಾಹನ ಕಡಿಮೆಯಾಗಲಿ ಎಂದು ಬಯಸಿರಬಹುದು, ಬೇಕೆಂದೇ ಕೆಡಿಸುತ್ತಿರಬಹುದು.

ಗೂಗಲ್ 2008ರಲ್ಲಿ ಮ್ಯಾಪ್ ಮೇಕರ್ ಎಂಬ ಸೌಲಭ್ಯವನ್ನು ಆರಂಭಿಸಿ, ಸಾರ್ವಜನಿಕರೇ ನಕ್ಷೆ ತಿದ್ದಲು ಬಿಟ್ಟಿತು. ಉಪಯುಕ್ತವಾದ ಲಕ್ಷಾಂತರ ತಿದ್ದುಪಡಿಗಳು ಬಂದವು. ಆದರೆ 2015ರಲ್ಲಿ ಯಾರೋ ಒಬ್ಬರು ನಕ್ಷೆಯ ಮೇಲೆ ಅಸಭ್ಯ ಚಿತ್ರವೊಂದನ್ನು ಬಿಡಿಸಿ, ಅದು ಪರಿಶೀಲನೆಯ ಜರಡಿಯಲ್ಲಿ ನುಸುಳಿ ಪ್ರಕಟವಾದಾಗ, ಇಡೀ ತಿದ್ದುಪಡಿಯನ್ನೇ ಕೆಲ ತಿಂಗಳು ನಿಲ್ಲಿಸಬೇಕಾಯಿತು. 2017ರಲ್ಲಿ ಸೌಲಭ್ಯವನ್ನೇ ಮುಚ್ಚಿ, ತಿದ್ದುವ ಅವಕಾಶವನ್ನು ಮುಖ್ಯ ನಕ್ಷೆಯೊಳಗೆ ಸೇರಿಸಿದರು. ಬಾಗಿಲನ್ನು ಪೂರ್ತಿ ತೆರೆದರೆ ಕೆಡಿಸುವವರು ಬರುತ್ತಾರೆ. ಪ್ರತಿಯೊಂದನ್ನೂ ನೌಕರರೇ ಪರೀಕ್ಷಿಸಬೇಕೆಂದರೆ ಸರದಿ ಬೆಳೆದು ಒಳ್ಳೆಯ ದೂರುಗಳೂ ಕೊಳೆಯುತ್ತವೆ.

ಆದ್ದರಿಂದ ಸೇವೆಗಳು ದೂರನ್ನು ತೂಗುತ್ತವೆ. ಒಂದೇ ಜಾಗದ ಬಗ್ಗೆ ಪರಸ್ಪರ ಸಂಬಂಧವಿಲ್ಲದ ಮೂವರು ಅದೇ ಮಾತು ಹೇಳಿದರೆ ತೂಕ ಹೆಚ್ಚು. ಫೋಟೊ ಇದ್ದರೆ ಹೆಚ್ಚು. ಈ ಹಿಂದೆ ಕಳುಹಿಸಿದ ತಿದ್ದುಪಡಿಗಳು ಸರಿಯೆಂದು ರುಜುವಾತಾದವರ ಮಾತಿಗೆ ಹೆಚ್ಚು. ತಪ್ಪಿದರೆ ಆಗುವ ಹಾನಿ ದೊಡ್ಡದಾದಷ್ಟೂ ಬೇಕಾದ ಸಾಕ್ಷ್ಯವೂ ದೊಡ್ಡದು: ಅಂಗಡಿಯ ಸಮಯ ಬದಲಿಸಲು ಒಬ್ಬರ ಮಾತು ಸಾಕಾಗಬಹುದು, ಹೆದ್ದಾರಿ ಮುಚ್ಚಲು ಸಾಲದು. ಜನರು ಕೂಡಿ ಮಾಡಿದ ನಕ್ಷೆ ನಂಬಿಕೆಗೆ ಅರ್ಹವೇ ಎಂಬುದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮುಕಿ ಹಾಕ್ಲೆ ಅಳೆದು ನೋಡಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಇಂಗ್ಲೆಂಡಿನ ಓಪನ್‌ಸ್ಟ್ರೀಟ್‌ಮ್ಯಾಪ್ ಗುರುತುಗಳು ಅಲ್ಲಿನ ಸರ್ಕಾರಿ ಸಮೀಕ್ಷೆಯ ನಕ್ಷೆಗಿಂತ ಸರಾಸರಿ ಆರು ಮೀಟರಿನಷ್ಟು ಮಾತ್ರ ಆಚೀಚೆ ಇದ್ದವು.

ಸಾಕ್ಷ್ಯದಿಂದಲೂ ಬಗೆಹರಿಯದ ದೂರುಗಳಿವೆ. ಎರಡು ದೇಶಗಳ ನಡುವಿನ ಗಡಿ, ಎರಡು ಸಮುದಾಯಗಳು ಬೇರೆ ಬೇರೆ ಹೆಸರಿನಿಂದ ಕರೆಯುವ ಊರು. 2010ರಲ್ಲಿ ನಿಕರಾಗುವಾದ ಪಡೆಗಳು ಕೋಸ್ಟರಿಕ ತನ್ನದೆನ್ನುವ ನೆಲಕ್ಕೆ ಕಾಲಿಟ್ಟಾಗ, ಕಾರ್ಯಾಚರಣೆಯ ನೇತೃತ್ವ ವಹಿಸಿದ್ದ ಈಡನ್ ಪಸ್ತೋರಾ ಗೂಗಲ್ ನಕ್ಷೆಯ ಗಡಿರೇಖೆಯನ್ನು ತೋರಿಸಿದರು. ಆ ರೇಖೆ ಕೆಲವೆಡೆ 2.7 ಕಿಲೋಮೀಟರಿನಷ್ಟು ತಪ್ಪಾಗಿದೆ ಎಂದು ಗೂಗಲ್ ಒಪ್ಪಿಕೊಂಡಿತು. ಇಂತಹ ವಿಷಯಗಳನ್ನು ಬಳಕೆದಾರರ ಮತದಿಂದ ತೀರ್ಮಾನಿಸಲಾಗದು. ಹೆಸರಿನ ಜಗಳಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಇಟ್ಟುಕೊಂಡಿರುವ ನಿಯಮ ನನಗೆ ವಿವೇಕದ್ದೆನಿಸುತ್ತದೆ: ಆ ಜಾಗದಲ್ಲಿ ನಿಂತರೆ ಫಲಕಗಳಲ್ಲಿ, ಜನರ ಬಾಯಲ್ಲಿ ಯಾವ ಹೆಸರಿದೆಯೋ ಅದೇ ಮುಖ್ಯ ಹೆಸರು, ಉಳಿದ ಹೆಸರುಗಳನ್ನೂ ಪಕ್ಕದಲ್ಲಿ ದಾಖಲಿಸಬಹುದು.

ಸರಿಯಾದ ಮೇಲೂ ತಪ್ಪೇ ಕಾಣುವುದೇಕೆ?

ದೂರು ಪರಿಶೀಲನೆ ದಾಟಿತು, ಸೇತುವೆ ದಾಖಲೆಯಲ್ಲಿ ಮುಚ್ಚಿತು. ದೂರು ಕೊಟ್ಟವರಿಗೆ ಸಂದೇಶವೂ ಬಂತು. ಅವರು ಮೊಬೈಲ್ ತೆರೆದು ನೋಡಿದರೆ ಸೇತುವೆ ಇನ್ನೂ ತೆರೆದೇ ಇದೆ! ಬಹಳ ಮಂದಿ ನಂಬಿಕೆ ಕಳೆದುಕೊಳ್ಳುವುದು ಈ ಹಂತದಲ್ಲಿ.

ಕಾರಣ ನಕ್ಷೆಯನ್ನು ಪರದೆಗೆ ಕಳುಹಿಸುವ ವಿಧಾನದಲ್ಲಿದೆ. ಇಡೀ ಜಗತ್ತಿನ ಚಿತ್ರವನ್ನು ಒಟ್ಟಿಗೆ ಕಳುಹಿಸಲಾಗದು. ಅದನ್ನು ನೆಲಕ್ಕೆ ಹಾಸುವ ಹೆಂಚಿನಂತೆ ಸಣ್ಣ ಚೌಕಗಳಾಗಿ ಕತ್ತರಿಸಿರುತ್ತಾರೆ. ಇವುಗಳಿಗೆ ಟೈಲ್ ಎನ್ನುತ್ತಾರೆ. ತೀರಾ ದೂರದಿಂದ ನೋಡಿದಾಗ ಜಗತ್ತೆಲ್ಲ ಒಂದೇ ಟೈಲ್. ಒಂದು ಮಟ್ಟ ಜೂಮ್ ಮಾಡಿದರೆ ನಾಲ್ಕು, ಇನ್ನೊಂದು ಮಟ್ಟಕ್ಕೆ ಹದಿನಾರು. ಹೀಗೆ ನಾಲ್ಕು ಪಟ್ಟಾಗುತ್ತಾ ಹೋಗಿ 18ನೆಯ ಮಟ್ಟದಲ್ಲಿ ಸುಮಾರು 6,872 ಕೋಟಿ ಟೈಲ್‌ಗಳಾಗುತ್ತವೆ. ಒಂದು ಸೇತುವೆ ಬದಲಾದಾಗ ಅದನ್ನು ಮುಟ್ಟುವ ಟೈಲ್‌ಗಳನ್ನು ಎಲ್ಲ ಮಟ್ಟಗಳಲ್ಲೂ ಹೊಸದಾಗಿ ಬರೆಯಬೇಕು. ಹಳೆಯವು ಸರ್ವರ್‌ನಲ್ಲೂ ನಿಮ್ಮ ಮೊಬೈಲಿನಲ್ಲೂ ಉಳಿದಿರುತ್ತವೆ, ಏಕೆಂದರೆ ಪ್ರತಿ ಸಲ ಹೊಸದಾಗಿ ತರಿಸಿಕೊಂಡರೆ ಡೇಟಾ ಖರ್ಚು. ದಾರಿ ಹುಡುಕುವ ಭಾಗಕ್ಕೆ ಬೇರೆಯದೇ ದಾಖಲೆ ಇರುತ್ತದೆ, ಅದು ಬೇರೆಯದೇ ಹೊತ್ತಿಗೆ ಹೊಸದಾಗುತ್ತದೆ. ಚಿತ್ರದಲ್ಲಿ ಸೇತುವೆ ಮುಚ್ಚಿರುವುದು, ದಾರಿ ಮಾತ್ರ ಅದರ ಮೇಲೆಯೇ ಹೋಗುವುದು - ಈ ವಿಚಿತ್ರ ಹೀಗೆ ಹುಟ್ಟುತ್ತದೆ.

ಇನ್ನು ತಳನಕ್ಷೆ ಬೇರೆಯವರದಾದರೆ ವಿಳಂಬ ಮತ್ತೂ ಹೆಚ್ಚು. 2018ರ ಆಗಸ್ಟ್‌ನಲ್ಲಿ ಯಾರೋ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನ್ಯೂಯಾರ್ಕ್ ನಗರದ ಹೆಸರನ್ನು ಅಳಿಸಿ ಯೆಹೂದಿ ದ್ವೇಷದ ಪದವೊಂದನ್ನು ಬರೆದರು. ಅಲ್ಲಿನ ಸ್ವಯಂಸೇವಕರು ಕೆಲವೇ ಗಂಟೆಗಳಲ್ಲಿ ಅದನ್ನು ತೆಗೆದುಹಾಕಿದರು. ಆದರೆ ಅಷ್ಟರಲ್ಲಿ ಅದರ ಒಂದು ನಕಲು ಮ್ಯಾಪ್‌ಬಾಕ್ಸ್ ಎಂಬ ಕಂಪನಿಯ ವ್ಯವಸ್ಥೆಯೊಳಗೆ ಸೇರಿತ್ತು. ಆ ತಿಂಗಳ ಕೊನೆಗೆ, ಮೂಲದಲ್ಲಿ ಎಂದೋ ಸರಿಯಾಗಿದ್ದ ತಪ್ಪು, ಮ್ಯಾಪ್‌ಬಾಕ್ಸ್ ನಕ್ಷೆ ಬಳಸುತ್ತಿದ್ದ ಸ್ನ್ಯಾಪ್‌ಚಾಟ್ ಮುಂತಾದ ಆ್ಯಪ್‌ಗಳಲ್ಲಿ ಲಕ್ಷಾಂತರ ಜನರ ಕಣ್ಣಿಗೆ ಬಿತ್ತು. "ಸರಿಪಡಿಸಿದ್ದೇವೆ" ಎಂಬ ಒಂದು ಸಾಲಿನ ಬದಲು "ದಾಖಲೆಯಲ್ಲಿ ಇವತ್ತು ಸರಿಯಾಯಿತು, ಚಿತ್ರದಲ್ಲಿ ಇಷ್ಟು ಹೊತ್ತಿಗೆ, ದಾರಿ ಹುಡುಕಾಟದಲ್ಲಿ ಇಷ್ಟು ಹೊತ್ತಿಗೆ ಕಾಣುತ್ತದೆ" ಎಂದು ಬಿಡಿಸಿ ಹೇಳುವ ಸೇವೆ ತನ್ನ ದೂರುದಾರರನ್ನು ಉಳಿಸಿಕೊಳ್ಳುತ್ತದೆ. ಇಷ್ಟು ಬರೆಯಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ, ಆದರೂ ಇದು ಅಪರೂಪ.

ಹಂಚುವಾಗ ತಪ್ಪುವ ಗುಟ್ಟು

ನಕ್ಷೆ ಹಂಚುವ ಗುಂಡಿಯ ಬಗ್ಗೆ ಬರುವ ಪ್ರತಿಕ್ರಿಯೆಗಳ ಸ್ವರೂಪ ಬೇರೆ. "ನಾನು ಕಳುಹಿಸಿದ ನಕ್ಷೆ ಅವರಿಗೆ ತೆರೆಯುತ್ತಿಲ್ಲ" ಎಂಬುದು ಒಂದು ಬಗೆ. "ನಾನು ಯಾರಿಗೂ ಕಳುಹಿಸದ ನಕ್ಷೆಯನ್ನು ಬೇರೆಯವರು ನೋಡಿದ್ದಾರೆ" ಎಂಬುದು ಅದರ ವಿರುದ್ಧದ ಬಗೆ. ಎರಡಕ್ಕೂ ಬೇರು ಒಂದೇ: ನೋಡುವ ಅನುಮತಿ, ತಿದ್ದುವ ಅನುಮತಿ, ಲಿಂಕ್ ಇದ್ದವರೆಲ್ಲ ನೋಡುವ ಅನುಮತಿ - ಇವುಗಳ ವ್ಯತ್ಯಾಸ ಬಳಕೆದಾರರಿಗೆ ಸ್ಪಷ್ಟವಾಗಿಲ್ಲ. ಲಿಂಕ್ ಎಂದರೆ ಮನೆಯ ಬೀಗದ ಕೈಯಿದ್ದಂತೆ. ಒಬ್ಬರಿಗೆ ಕೊಟ್ಟರೆ ಅವರು ಅದರ ನಕಲು ಮಾಡಿಸಿ ಹತ್ತು ಮಂದಿಗೆ ಕೊಡಬಲ್ಲರು.

ನಕ್ಷೆಯಲ್ಲಿ ಈ ಅಜಾಗರೂಕತೆಯ ಬೆಲೆ ಹೆಚ್ಚು, ಏಕೆಂದರೆ ಅದರಲ್ಲಿರುವುದು ಮನುಷ್ಯರು ಇರುವ ಜಾಗ. ವ್ಯಾಯಾಮದ ಓಟಗಳನ್ನು ದಾಖಲಿಸುವ ಸ್ಟ್ರಾವಾ 2017ರ ನವೆಂಬರ್‌ನಲ್ಲಿ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಹೆಸರಿಲ್ಲದೆ ಒಟ್ಟುಗೂಡಿಸಿ ಜಗತ್ತಿನ ನಕ್ಷೆಯೊಂದನ್ನು ಪ್ರಕಟಿಸಿತು. ಮರುವರ್ಷದ ಜನವರಿಯಲ್ಲಿ, ಮರುಭೂಮಿಗಳ ಕತ್ತಲ ನಡುವೆ ಹೊಳೆಯುತ್ತಿದ್ದ ಸಣ್ಣ ಸುತ್ತುಗಳು ಸೇನಾ ನೆಲೆಗಳೆಂದು ಗಮನಕ್ಕೆ ಬಂತು. ಅಲ್ಲಿ ಓಡುತ್ತಿದ್ದವರು ಸೈನಿಕರು. ಹೆಸರು ತೆಗೆದುಬಿಟ್ಟರೆ ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಅಲ್ಲಿ ಮುರಿಯಿತು. ಆದ್ದರಿಂದ ನಕ್ಷೆಯ ದೂರು ಬರೆಯುವಾಗಲೂ ಮನೆಯ ವಿಳಾಸ, ಫೋಟೊದಲ್ಲಿ ಕಾಣುವ ಮುಖ, ವಾಹನದ ಸಂಖ್ಯೆ ಸೇರಿಕೊಂಡಿವೆಯೇ ಎಂದು ಒಮ್ಮೆ ನೋಡಬೇಕು; ಮುಕ್ತ ನಕ್ಷೆಗಳಲ್ಲಿ ಟಿಪ್ಪಣಿಗಳು ಎಲ್ಲರಿಗೂ ಕಾಣುತ್ತವೆ.

ಫಲ ಕೊಡುವ ದೂರು

ಇಷ್ಟನ್ನು ತಿಳಿದ ಮೇಲೆ ಆರಂಭದ ಎರಡನೆಯ ಬರಹ ಏಕೆ ಕೆಲಸ ಮಾಡಿತು ಎಂಬುದು ಸ್ಪಷ್ಟ. ಅದರಲ್ಲಿ ಜಾಗವಿತ್ತು, ಹೊತ್ತಿತ್ತು, ಸಾಕ್ಷ್ಯವಿತ್ತು. ಅಷ್ಟೇ ಮುಖ್ಯವಾಗಿ, ವಾಹನಕ್ಕೆ ಮಾತ್ರ ಮುಚ್ಚಿದೆ, ನಡೆಯುವವರಿಗೆ ತೆರೆದಿದೆ ಎಂಬ ನಿಖರತೆ ಇತ್ತು. "ಸೇತುವೆ ಮುಚ್ಚಿದೆ" ಎಂದಷ್ಟೇ ಬರೆದಿದ್ದರೆ ನಡೆದು ಹೋಗುವವರನ್ನೂ ನಕ್ಷೆ ಮೈಲಿಗಟ್ಟಲೆ ಸುತ್ತಿಸುತ್ತಿತ್ತು.

ಅಂಕಿಗಳಲ್ಲಿ ಜಾಗ ಬರೆಯುವುದಾದರೆ ದಶಮಾಂಶದ ನಂತರ ಎಷ್ಟು ಸ್ಥಾನ ಬೇಕು ಎಂಬುದಕ್ಕೂ ಲೆಕ್ಕವಿದೆ. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿಲೋಮೀಟರ್. ಮೂರು ಸ್ಥಾನ ಬರೆದರೆ 111 ಮೀಟರಿನಷ್ಟು ಸೂಕ್ಷ್ಮತೆ. ಆ ಅಂತರದಲ್ಲಿ ಎರಡು ಸೇತುವೆಗಳಿರಬಹುದು. ಐದು ಸ್ಥಾನ ಬರೆದರೆ ಸುಮಾರು ಒಂದು ಮೀಟರ್. ಅದಕ್ಕಿಂತ ಹೆಚ್ಚು ಬರೆದರೆ ಮೊಬೈಲಿನ ಜಿಪಿಎಸ್‌ಗೆ ಇಲ್ಲದ ಸೂಕ್ಷ್ಮತೆಯನ್ನು ಆರೋಪಿಸಿದಂತೆ.

ಗುಂಡಿ ಕೆಲಸ ಮಾಡದಿದ್ದರೆ ಬರೆಯಬೇಕಾದದ್ದು ಬೇರೆ: ಏನು ಮಾಡಲು ಹೊರಟಿದ್ದಿರಿ, ಯಾವುದನ್ನು ಒತ್ತಿದಿರಿ, ಏನಾಗುತ್ತದೆಂದು ಎಣಿಸಿದ್ದಿರಿ, ಏನಾಯಿತು. ಇಲ್ಲಿ "ಇಂತಹ ಗುಂಡಿ ಸೇರಿಸಿ" ಎನ್ನುವುದಕ್ಕಿಂತ ನಿಮ್ಮ ಅಗತ್ಯ ಹೇಳುವುದು ಹೆಚ್ಚು ಉಪಯೋಗಕಾರಿ. ಒಬ್ಬರು ಮುದ್ರಣದ ಗುಂಡಿ ಕೇಳುತ್ತಾರೆ, ಇನ್ನೊಬ್ಬರು ನಕ್ಷೆಯನ್ನು ಚಿತ್ರವಾಗಿ ಉಳಿಸುವ ಗುಂಡಿ ಕೇಳುತ್ತಾರೆ. ವಿಚಾರಿಸಿದರೆ ಇಬ್ಬರಿಗೂ ಬೇಕಾದದ್ದು ಸಂಪರ್ಕವಿಲ್ಲದ ಜಾಗದಲ್ಲಿ ನಕ್ಷೆ ನೋಡುವುದು. ಎರಡು ಗುಂಡಿಗಳ ಬದಲು ಒಂದು ಒಳ್ಳೆಯ ಪರಿಹಾರ ಆ ವಿಚಾರಣೆಯಿಂದ ಹುಟ್ಟುತ್ತದೆ. ದೂರು ಬರೆಯದವರನ್ನು ಹುಡುಕಿಕೊಂಡು ಹೋಗಿ ಕೇಳುವುದೂ ಸೇವೆಯ ಹೊಣೆ. ದೃಷ್ಟಿ ಮಂದವಾದವರು, ಹಳೆಯ ಮೊಬೈಲಿನವರು, ದೂರಿನ ಪೆಟ್ಟಿಗೆಯ ಭಾಷೆ ಬಾರದವರು ಬರೆಯುವುದಿಲ್ಲ, ಸುಮ್ಮನೆ ಬಿಟ್ಟು ಹೋಗುತ್ತಾರೆ. ಅವರ ಮೌನವನ್ನು ತೃಪ್ತಿ ಎಂದು ಎಣಿಸಿದರೆ ದೂರು ಬರೆಯಬಲ್ಲವರಿಗೆ ಮಾತ್ರ ನಕ್ಷೆ ಒಳ್ಳೆಯದಾಗುತ್ತಾ ಹೋಗುತ್ತದೆ.

ಸೇತುವೆ ಮತ್ತೆ ತೆರೆದಾಗ

ದುರಸ್ತಿ ಮುಗಿದು ಸೇತುವೆ ತೆರೆಯುತ್ತದೆ. ಈಗ ದೂರು ಕೊಡುವವರು ಯಾರು? ಮುಚ್ಚಿದಾಗ ತೊಂದರೆಪಟ್ಟವರು ಬರೆದರು. ತೆರೆದಾಗ ಯಾರಿಗೂ ತೊಂದರೆಯಿಲ್ಲ, ಆದ್ದರಿಂದ ಯಾರೂ ಬರೆಯುವುದಿಲ್ಲ. ನಕ್ಷೆ ಎಲ್ಲರನ್ನೂ ಸುತ್ತು ದಾರಿಯಲ್ಲಿ ಕಳುಹಿಸುತ್ತಿರುವುದರಿಂದ ಸೇತುವೆಯ ಮೇಲೆ ಮೊಬೈಲ್‌ಗಳ ಓಡಾಟವೂ ಕಡಿಮೆ. ಮೂಕ ಸಾಕ್ಷ್ಯವೂ ಸಿಗುವುದಿಲ್ಲ. ತಾತ್ಕಾಲಿಕ ಎಂದು ಗುರುತಿಸಿದ ಎಷ್ಟೋ ಮುಚ್ಚುವಿಕೆಗಳು ನಕ್ಷೆಗಳಲ್ಲಿ ಹೀಗೆಯೇ ಶಾಶ್ವತವಾಗಿಬಿಡುತ್ತವೆ.

ಇದಕ್ಕೆ ಒಂದು ಉಪಾಯ ಪ್ರತಿ ತಾತ್ಕಾಲಿಕ ಗುರುತಿಗೂ ಒಂದು ಅವಧಿ ಕಟ್ಟುವುದು. ಆ ದಿನ ಬಂದಾಗ ಸೇವೆ ತಾನಾಗಿ ಗುರುತನ್ನು ಅಳಿಸುವುದಿಲ್ಲ, ಸೇತುವೆ ನಿಜಕ್ಕೂ ತೆರೆದಿರದಿದ್ದರೆ ಅದು ಅಪಾಯ. ಬದಲಿಗೆ ಮೊದಲು ದೂರು ಕೊಟ್ಟವರಿಗೆ, ಹತ್ತಿರದಲ್ಲಿ ಹಾದುಹೋಗುತ್ತಿರುವ ಒಂದಿಬ್ಬರಿಗೆ ಪ್ರಶ್ನೆ ಕಳುಹಿಸುತ್ತದೆ: "ಈ ಸೇತುವೆ ಇನ್ನೂ ಮುಚ್ಚಿದೆಯೇ?" ಅಡ್ಡಗಟ್ಟೆಯ ಫೋಟೊ ಕಳುಹಿಸಿದ್ದ ಅದೇ ವ್ಯಕ್ತಿ ಈಗ ಸೇತುವೆಯ ನಡುವೆ ನಿಂತು "ಇಲ್ಲ, ತೆರೆದಿದೆ" ಎಂದು ಒತ್ತುತ್ತಾರೆ.